ಉಪ್ಪಿನಕಾಯಿಗೆ ಜರ್ಮನ್ ಹೆಸರು

ಡೊಂಬಿವಲಿ ಪೂರ್ವದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಪ್ರೇಮನಾಥ ಸೇಠರ ಉಪ್ಪಿನಕಾಯಿ ಕಾರ್ಖಾನೆಗೆ ಜರ್ಮನಿಯಿಂದ ಕಾಗದ ಬಂದ ದಿನ ಲೀಲಾಧರ ರಜೆ ಹಾಕಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಹಾಕಬೇಕೆಂದೇ ಇದ್ದ. ಹಲ್ಲುನೋವಿತ್ತು. ಆದರೆ ಹೆಂಡತಿ ಜಲಜಾಕ್ಷಿ, "ಮನೆಯಲ್ಲಿ ಕೂತರೆ ನೋವು ಕಡಿಮೆ ಆಗ್ತದಾ? ಅಲ್ಲೇ ಹೋಗಿ ಕೂತ್ಕೊಳ್ಳಿ. ನನಗಿಲ್ಲಿ ಗುಡಿಸ್ಲಿಕ್ಕುಂಟು" ಎಂದು ಊಟದ ಡಬ್ಬಿ ಕೈಗಿತ್ತಳು. ಲೀಲಾಧರ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಬದಲಾಪುರದಲ್ಲಿ ಎಂಟು ನಾಲ್ಕರ ಲೋಕಲ್ ಹತ್ತಿದ.

ಅದು ಎರಡು ಸಾವಿರದ ಒಂಬತ್ತನೆಯ ಇಸವಿ. ಲೀಲಾಧರನಿಗೆ ಐವತ್ತೊಂದು. ಊರು ಕಟಪಾಡಿಯ ಹತ್ತಿರ. ಕಾರ್ಖಾನೆಯಲ್ಲಿ ಅವನ ಕೆಲಸ ಹೊರಗೆ ಹೋಗುವ ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವುದು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಬರೆದ ಒಂದು ಪೆಟ್ಟಿಗೆಯೂ ದಾರಿ ತಪ್ಪಿರಲಿಲ್ಲ. ದಾರಿ ತಪ್ಪುವ ಭಾಗ್ಯವನ್ನೆಲ್ಲ ಅವನು ತನಗಾಗಿಯೇ ಉಳಿಸಿಕೊಂಡಿದ್ದನೆಂದು ಕಾಣುತ್ತದೆ.

ಸೇಠರು ತಮ್ಮ ಕೋಣೆಯಲ್ಲಿ ಕಾಗದವನ್ನು ಗಟ್ಟಿಯಾಗಿ ಓದುತ್ತಿದ್ದರು. ಹ್ಯಾಂಬರ್ಗ್ ಎಂಬ ಊರಿನ ಟೀಡೆಮನ್ ಎಂಬ ವ್ಯಾಪಾರಿಗೆ ಮಾವಿನ ಉಪ್ಪಿನಕಾಯಿ ಬೇಕಾಗಿತ್ತು. ಮೊದಲು ಎರಡು ಡಜನ್ ಬಾಟಲಿ ಮಾದರಿಗೆ; ಮೆಚ್ಚಿಕೆಯಾದರೆ ಮುಂದೆ ಕಂಟೇನರುಗಟ್ಟಲೆ. ಕಾಗದ ಇಂಗ್ಲಿಷಿನಲ್ಲಿತ್ತು, ಕೊನೆಯ ಸಾಲು ಮಾತ್ರ ಬೇರೆ.

"ಇದೆಂಥದು ಕೆಳಗೆ, ಬೈದದ್ದಾ ಹೊಗಳಿದ್ದಾ?" ಎಂದರು ಸೇಠರು.

ಸಹಿ ಹಾಕಿಸಲು ನಿಂತಿದ್ದ ಲೀಲಾಧರ ಇಣುಕಿದ. ಹಲ್ಲುನೋವಿನ ಭರದಲ್ಲಿ ಬಾಯಿ ತಾನೇ ತೆರೆದುಕೊಂಡಿತು. "ಮಿಟ್ ಫ್ರೊಯಿಂಡ್ಲಿಖೆನ್ ಗ್ರ್ಯೂಸೆನ್. ಸ್ನೇಹಪೂರ್ವಕ ವಂದನೆಗಳೊಂದಿಗೆ ಅಂತ."

ಸೇಠರು ಕಾಗದ ಕೆಳಗಿಟ್ಟರು. ಆಚೆ ಮೆಣಸು ಪುಡಿಮಾಡುವ ಯಂತ್ರವೂ ಒಂದು ಗಳಿಗೆ ನಿಂತಂತೆ ಕೇಳಿಸಿತು.

ನಡೆದದ್ದು ಇಷ್ಟು. ಎಂಬತ್ತನಾಲ್ಕರಲ್ಲಿ, ಮದುವೆಗೆ ಮುಂಚೆ, ಲೀಲಾಧರ ಫೋರ್ಟ್ ಪೇಟೆಯಲ್ಲಿ ಒಂದು ಪುಕ್ಕಟೆ ಜರ್ಮನ್ ತರಗತಿಗೆ ಸೇರಿದ್ದ. ಒಂಬತ್ತು ದಿನ ಹೋದ. ಹತ್ತನೆಯ ದಿನ ಹಳಿಯ ಮೇಲೆ ಮಳೆನೀರು ನಿಂತು ಲೋಕಲ್ ಬಂದ್ ಆಯಿತು. ಹನ್ನೊಂದನೆಯ ದಿನ ನೀರು ಇಳಿಯಿತು, ಜೊತೆಗೆ ಲೀಲಾಧರನ ಉತ್ಸಾಹವೂ ಇಳಿಯಿತು. ಆ ಒಂಬತ್ತು ದಿನಗಳ ಆಸ್ತಿಯಾಗಿ ಅವನಲ್ಲಿ ಉಳಿದದ್ದು ಬೆಳಗಿನ ನಮಸ್ಕಾರ, ಕಾಗದದ ಕೊನೆಯ ಸಾಲು, ಮತ್ತು ಒಂದರಿಂದ ಹನ್ನೆರಡರವರೆಗಿನ ಅಂಕಿ. ಗಡಿಯಾರ ನೋಡಲು ಸಾಕು. ಉಪ್ಪಿನಕಾಯಿ ಮಾರಲು ಸಾಲದು.

"ನಿನಗೆ ಜರ್ಮನ್ ಬರ್ತದಾ ಮಾರಾಯಾ?" ಸೇಠರು ಕುರ್ಚಿಯಿಂದ ಎದ್ದೇಬಿಟ್ಟರು.

"ಸ್ವಲ್ಪ ಸ್ವಲ್ಪ" ಎಂದ ಲೀಲಾಧರ.

ನಮ್ಮವರಲ್ಲಿ ಅರೆಬರೆ ಬಲ್ಲವನು 'ಚೆನ್ನಾಗಿ ಬರ್ತದೆ' ಅನ್ನುತ್ತಾನೆ. ಪೂರ್ತಿ ಬಲ್ಲವನು ಮಾತ್ರ 'ಸ್ವಲ್ಪ ಸ್ವಲ್ಪ' ಅನ್ನುತ್ತಾನೆ. ಸೇಠರು ಮೂವತ್ತು ವರ್ಷ ವ್ಯಾಪಾರ ಮಾಡಿದವರು. ಈ ಲೆಕ್ಕದಲ್ಲೇ ಅರ್ಥ ಮಾಡಿಕೊಂಡರು.

"ಹಾಗಾದರೆ ಹೊರಗಿನವರನ್ನು ಯಾಕೆ ಹುಡುಕುವುದು? ಲೇಬಲ್‌ನಲ್ಲಿ ನಾಲ್ಕೇ ಸಾಲು. ಇಂಗ್ಲಿಷಿನಲ್ಲಿ ಉಂಟು, ನೀನು ಜರ್ಮನ್ ಮಾಡು. ನಾಡಿದ್ದು ಮಧ್ಯಾಹ್ನ ಪ್ರಿಂಟರ್ ಬರ್ತಾನೆ."

ನಾಲ್ಕು ಸಾಲು ಹೀಗಿದ್ದವು: ಮ್ಯಾಂಗೋ ಪಿಕಲ್. ಹಾಟ್. ನೋ ಪ್ರಿಸರ್ವೇಟಿವ್ಸ್. ಫ್ಯಾಮಿಲಿ ಗಿಫ್ಟ್ ಪ್ಯಾಕ್. ಅಂದರೆ ಮಾವಿನ ಉಪ್ಪಿನಕಾಯಿ, ಖಾರ ಉಂಟು, ಕೆಡದಂತೆ ರಾಸಾಯನಿಕ ಏನೂ ಹಾಕಿಲ್ಲ, ಮನೆಮಂದಿಗೆಲ್ಲ ಉಡುಗೊರೆ ಕೊಡುವಂಥ ಕಟ್ಟು. ಒಂದು ಮಗುವೂ ಓದಿ ಹೇಳಬಹುದಾದ ನಾಲ್ಕು ಸಾಲು. ಲೀಲಾಧರ ಆ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಹೊರಟಾಗ ಅವನ ಹಲ್ಲುನೋವು ಮಾಯವಾಗಿತ್ತು. ದೊಡ್ಡ ನೋವು ಬಂದರೆ ಚಿಕ್ಕದು ತಾನೇ ಜಾಗ ಬಿಡುತ್ತದೆ.

ಬದಲಾಪುರದಲ್ಲಿ ಇಳಿಯುವಾಗ ಅವನ ಕೈಯಲ್ಲಿ ದಪ್ಪನೆಯ ನಿಘಂಟೊಂದಿತ್ತು. ಅದಕ್ಕಾಗಿ ಠಾಣೆಯವರೆಗೆ ಹೋಗಿ, ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರಡಿಕೊಂಡವನ ಹತ್ತಿರ, "ಇಂಗ್ಲಿಷ್ ಜರ್ಮನ್ ಡಿಕ್ಷನರಿ ಹೈ ಕ್ಯಾ?" ಎಂದು ಕೇಳಿದ್ದ. ಅವನು ಕೊಟ್ಟ. ಮನೆಯಲ್ಲಿ ಬಿಚ್ಚಿ ನೋಡಿದರೆ ಅದು ಜರ್ಮನ್‌ನಿಂದ ಇಂಗ್ಲಿಷಿಗೆ ಹೋಗುವ ಸಂಪುಟ. ಹೋಗುವ ಬಾಗಿಲು ಹುಡುಕಿದವನಿಗೆ ಬರುವ ಬಾಗಿಲು ಸಿಕ್ಕಿತ್ತು.

ಅಷ್ಟರಲ್ಲಿ ಗಂಡನಿಂದ ವಿಷಯ ಕೇಳಿದ ಜಲಜಾಕ್ಷಿ ಪಡಸಾಲೆಗೆ ಹೋಗಿ ನಾಲ್ಕು ಮನೆಗಳಿಗೆ ಸುದ್ದಿ ಮುಟ್ಟಿಸಿದ್ದಳು. "ನಮ್ಮ ಇವರಿಗೆ ಮೊದಲಿಂದಲೂ ಜರ್ಮನ್ ಬರ್ತಿತ್ತು. ಹೇಳಿಕೊಳ್ಳುವ ಜಾತಿ ಅಲ್ಲ." ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ ಗಂಡನಲ್ಲಿ ಹೆಮ್ಮೆಪಡಲು ಏನೋ ಒಂದು ಸಿಕ್ಕಿದ ಸಂಭ್ರಮವನ್ನು ನಾವು ತಪ್ಪೆನ್ನಬಾರದು.

ಮೇಲಿನ ಮಾಳಿಗೆಯಿಂದ ವಿಷ್ಣುಮೂರ್ತಿಗಳು ಇಳಿದು ಬಂದರು. ರೈಲ್ವೆಯಲ್ಲಿ ನಿವೃತ್ತರು, ಬದಲಾಪುರದ ಕನ್ನಡ ಬಳಗದ ಅಧ್ಯಕ್ಷರು, ತಿಳಿಯದ ವಿಷಯಗಳಲ್ಲಿ ಹೆಚ್ಚು ಖಚಿತವಾದ ಅಭಿಪ್ರಾಯ ಉಳ್ಳವರು.

"ನೋಡಿ ಲೀಲಾಧರ, ಜರ್ಮನ್ ಅಂದರೆ ಬೇರೇನಲ್ಲ, ಸಂಸ್ಕೃತವೇ. ಸ್ವಲ್ಪ ಒರಟಾಗಿ ಹೇಳಬೇಕು ಅಷ್ಟೆ."

"ಹಾಗಾದರೆ ಉಪ್ಪಿನಕಾಯಿಗೆ ಸಂಸ್ಕೃತದಲ್ಲಿ ಎಂಥ ಹೇಳ್ತಾರೆ?"

ವಿಷ್ಣುಮೂರ್ತಿಗಳು ಚಾವಣಿ ನೋಡಿದರು. ಪಂಖಾ ನೋಡಿದರು. "ಲವಣಫಲ ಅನ್ನಬಹುದೋ ಏನೋ" ಎಂದು, ಕಾಫಿ ಮುಗಿಸಿ, ಮಾಳಿಗೆ ಹತ್ತಿದರು.

ಕಾಲೇಜಿಗೆ ಹೋಗುವ ಮಗಳು ಸೌಜನ್ಯ ಅಪ್ಪನ ಅವಸ್ಥೆ ನೋಡಿ, "ಪಪ್ಪಾ, ನೆಟ್ ಪೆ ಪೂಛ್ ಲೇತೇ ಹೈ ನಾ" ಎಂದು ಮರುದಿನ ಸಂಜೆ ಸೈಬರ್ ಕೆಫೆಗೆ ಕರೆದುಕೊಂಡು ಹೋದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಬಾಯಿಂದ ಬರುವಾಗ ಮಾತ್ರ ಹಿಂದಿಯಾಗಿ ಬರುತ್ತಿತ್ತು. ಕಠಿಣ ಶಬ್ದಗಳಿಗೆ ಒಬ್ಬರಿಗೊಬ್ಬರು ನೆರವಾಗುವ ಭಾಷಾಂತರಕಾರರ ಜಾಲತಾಣವೊಂದು ಅವಳಿಗೆ ಗೊತ್ತಿತ್ತು. ಅಲ್ಲಿ 'ಪಿಕಲ್ ಎಂಬುದಕ್ಕೆ ಜರ್ಮನ್ ಏನು?' ಎಂದು ಬರೆದಳು. ಹತ್ತೇ ನಿಮಿಷದಲ್ಲಿ ಯಾರೋ ಪುಣ್ಯಾತ್ಮರು ಉತ್ತರಿಸಿದರು. 'ಯಾವುದರ ಪಿಕಲ್? ದಯವಿಟ್ಟು ಕಾಂಟೆಕ್ಸ್ಟ್ ತಿಳಿಸಿ.'

"ಕಾಂಟೆಕ್ಸ್ಟ್ ಅಂದ್ರೆ?"

"ಮತ್ಲಬ್, ಉಸ್ ಕೆ ಆಗೆ ಪೀಛೆ ಕ್ಯಾ ಹೈ."

ಹಿಂದೆ ಮುಂದೆ ಏನುಂಟು ಎಂದು ಕೇಳುತ್ತಿದ್ದಾರೆ. ಲೀಲಾಧರನಿಗೆ ಧೈರ್ಯ ಬಂತು. ವಿಳಾಸ ಬರೆಯುವುದು ಅವನ ಕಸುಬು. ಮಗಳು ನೀರು ಕುಡಿಯಲು ಎದ್ದ ಹೊತ್ತಿನಲ್ಲಿ ತಾನೇ ಒಂದೊಂದೇ ಅಕ್ಷರ ಒತ್ತಿ ಉತ್ತರ ಕಳುಹಿಸಿದ. 'ಎಂಐಡಿಸಿ, ಎರಡನೇ ಹಂತ, ಡೊಂಬಿವಲಿ ಪೂರ್ವ. ಮುಂದೆ ಬಣ್ಣದ ಕಾರ್ಖಾನೆ. ಹಿಂದೆ ನಾಲೆ.'

ಇದನ್ನು ಓದಿ ಜಾಲತಾಣದಲ್ಲಿ ಗದ್ದಲವೆದ್ದಿತು. ಇದು ತಿನ್ನುವ ವಸ್ತು ಹೌದೇ ಎಂದು ಒಬ್ಬರಿಗೆ ಸಂಶಯ. ಕಬ್ಬಿಣಕ್ಕೆ ಆಮ್ಲ ಹಾಕಿ ತೊಳೆಯುವುದಕ್ಕೂ ಪಿಕಲ್ ಅನ್ನುತ್ತಾರೆ, ಬಣ್ಣದ ಕಾರ್ಖಾನೆ ಎದುರಿಗಿದೆಯೆಂದರೆ ಅದೇ ಇರಬೇಕು ಎಂದು ಇನ್ನೊಬ್ಬರು. ಸೌತೆಕಾಯಿಯಾದರೆ ಒಂದು ಶಬ್ದ, ಬೇರೆ ತರಕಾರಿಯಾದರೆ ಒಂದು ಎಂದು ಆಸ್ಟ್ರಿಯಾದ ಹೆಂಗಸೊಬ್ಬರು ಬುದ್ಧಿ ಹೇಳಿದರು. ಸೌಜನ್ಯ ಬಂದು ಹಣೆ ಚಚ್ಚಿಕೊಂಡು, ನಾಲ್ಕೂ ಸಾಲುಗಳನ್ನು ಒಟ್ಟಿಗೆ ಹಾಕಿ, ಇದು ಮಾವಿನಕಾಯಿಯ ತಿಂಡಿ ಎಂದು ಬಿಡಿಸಿ ಬರೆದಳು.

ಈಗ ಉತ್ತರ ಕೊಡಲು ಬಂದವರು ನಿಜವಾದ ಪಂಡಿತರು. 'ಮಹನೀಯರೇ, ತುಂಬ ಎಚ್ಚರಿಕೆ! ಇದರಲ್ಲಿ ಮೂರು ಶಬ್ದಗಳು ಜರ್ಮನ್‌ನಲ್ಲಿಯೂ ಇವೆ, ಆದರೆ ಅಲ್ಲಿ ಅವುಗಳ ಅರ್ಥ...' ಎಂಬಲ್ಲಿಯವರೆಗೆ ಪರದೆಯ ಮೇಲೆ ಬಂತು. ಅಷ್ಟರಲ್ಲಿ ಬದಲಾಪುರದ ಲೋಡ್ ಶೆಡ್ಡಿಂಗಿನ ಸಮಯವಾಯಿತು. ಕಂಪ್ಯೂಟರು, ಪಂಖಾ, ಬೀದಿದೀಪ ಎಲ್ಲವೂ ಒಟ್ಟಿಗೆ ಕಣ್ಣು ಮುಚ್ಚಿದವು.

"ಬಾಕಿ ಕಲ್ ದೇಖ್ ಲೇಂಗೆ" ಎಂದಳು ಸೌಜನ್ಯ.

ಆದರೆ ನಾಳೆ ಮಧ್ಯಾಹ್ನವೇ ಪ್ರಿಂಟರ್ ಬರುವವನು. ಲೀಲಾಧರನ ತಲೆಯಲ್ಲಿ ಆ ಅರ್ಧ ವಾಕ್ಯ ಸುತ್ತಿ ಸುತ್ತಿ, ಮುಂಜಾನೆಯ ಲೋಕಲಿನಲ್ಲಿ ಅದಕ್ಕೊಂದು ಹೊಸ ಬೆಳಕು ಬಂತು. ಮೂರು ಶಬ್ದಗಳು ಜರ್ಮನ್‌ನಲ್ಲಿಯೂ ಇವೆ! ಎಂದ ಮೇಲೆ ಇನ್ನೇನು ಬೇಕು? ಇಂಗ್ಲಿಷಿನ ಶಬ್ದಕ್ಕೆ ಜರ್ಮನ್ ಅಂಗಿ ತೊಡಿಸಿ, ಅದು ನಿಘಂಟಿನಲ್ಲಿ ಸಿಕ್ಕಿತೋ, ಕೆಲಸ ಮುಗಿಯಿತು. ಉಲ್ಲಾಸನಗರದ ಹತ್ತಿರ ಒಂಟಿಕಾಲಲ್ಲಿ ನಿಂತು, ಮುಂದಿನವನ ಬೆನ್ನಿಗೆ ನಿಘಂಟು ಆನಿಸಿ ಹುಡುಕಿದ. ಪಿಕೆಲ್, ಇದೆ! ಗಿಫ್ಟ್, ಇದೆ! ಪ್ರೆಸರ್ವಾತೀವ್, ಅದೂ ಇದೆ! ಶಬ್ದಗಳು ದಪ್ಪಕ್ಷರದಲ್ಲಿದ್ದವು. ಅರ್ಥಗಳು ಸಾಸಿವೆಕಾಳಿನಷ್ಟು ಸಣ್ಣ. ಕನ್ನಡಕ ತೆಗೆಯೋಣವೆಂದರೆ ಕೈ ಕಿಸೆಗೆ ಹೋಗುವಷ್ಟು ಜಾಗವಿರಲಿಲ್ಲ. ಅಷ್ಟರಲ್ಲಿ ಕಲ್ಯಾಣ ಬಂದು, ಇಳಿಯುವವರ ಜೊತೆ ಲೀಲಾಧರ ಇಳಿದು, ಹತ್ತುವವರ ಜೊತೆ ಮತ್ತೆ ಹತ್ತಿದ. ಹಾಟ್ ಎಂಬುದಕ್ಕೆ 'ಹೈಸ್' ಎಂದೂ, 'ಇಲ್ಲದೆ' ಎಂಬುದಕ್ಕೆ 'ಓನೆ' ಎಂದೂ ನಿಘಂಟಿನ ಹಿಂದಿನ ಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು.

ಲೇಬಲ್ ಅಚ್ಚಾಯಿತು. 'ಮಾಂಗೋ ಪಿಕೆಲ್. ಹೈಸ್. ಓನೆ ಪ್ರೆಸರ್ವಾತೀವೆ. ಫಮೀಲಿಯೆನ್ ಗಿಫ್ಟ್‌ಪಾಕುಂಗ್.' ಹಸಿರು ಮಾವಿನಕಾಯಿಯ ಚಿತ್ರದ ಕೆಳಗೆ ಬಂಗಾರದ ಅಕ್ಷರಗಳು. ಎರಡು ಡಜನ್ ಬಾಟಲಿಗಳು ಹ್ಯಾಂಬರ್ಗಿಗೆ ಹಾರಿದವು.

ಮೂರು ವಾರಕ್ಕೆ ಉತ್ತರ ಬಂತು. ಈ ಸಲ ಎರಡೇ ಸಾಲು. 'ಮೂವತ್ತು ವರ್ಷಗಳ ವ್ಯಾಪಾರದಲ್ಲಿ ಇಂಥ ಲೇಬಲ್ಲನ್ನು ನಾನು ನೋಡಿಲ್ಲ. ಬರುವ ಬುಧವಾರ ನಾನೇ ಬರುತ್ತಿದ್ದೇನೆ.'

ಸೇಠರ ಕಣ್ಣು ತೇವವಾಯಿತು. "ನೋಡಿದಿಯಾ? ಉಪ್ಪಿನಕಾಯಿ ಬಗ್ಗೆ ಒಂದು ಮಾತಿಲ್ಲ. ನಿನ್ನ ಲೇಬಲ್ ನೋಡಿಯೇ ವಿಮಾನ ಹತ್ತುತ್ತಿದ್ದಾನೆ!" ಅವರು ಕೂಡಲೇ ವಿಷ್ಣುಮೂರ್ತಿಗಳಿಗೆ ಫೋನು ಮಾಡಿದರು. ಭಾನುವಾರ ಬೆಳಿಗ್ಗೆ ಬದಲಾಪುರದ ಕನ್ನಡ ಬಳಗದಲ್ಲಿ ಲೀಲಾಧರನಿಗೆ ಸನ್ಮಾನ ಎಂದು ನಿಶ್ಚಯವಾಯಿತು. ಕಾರ್ಖಾನೆಯ ಕೆಲಸಗಾರರಿಗೆ ಬರಲು ಟೆಂಪೊ, ಬಂದವರಿಗೆಲ್ಲ ಉಪ್ಪಿಟ್ಟು, ಕೇಸರಿಬಾತು.

ಶಾಲು ಬಂತು, ತೆಂಗಿನಕಾಯಿ ಬಂತು, ನೆನಪಿನ ಕಾಣಿಕೆಯೆಂದು ಅದೇ ಲೇಬಲ್ಲಿಗೆ ಕಟ್ಟು ಹಾಕಿಸಿ ಗಾಜಿನೊಳಗಿಟ್ಟು ಕೊಟ್ಟರು. ವಿಷ್ಣುಮೂರ್ತಿಗಳು ಅರ್ಧ ಗಂಟೆ ಮಾತನಾಡಿ, ಜರ್ಮನ್ ಎಂದರೆ ಸಂಸ್ಕೃತವೇ ಎಂದು ಸಾಧಿಸಿ, ಕೊನೆಗೆ ಒಂದು ಬಾಂಬು ಹಾಕಿದರು. "ಈಗ ಜರ್ಮನ್ ಪಂಡಿತರಾದ ಲೀಲಾಧರರು ಅದೇ ಭಾಷೆಯಲ್ಲಿ ನಮಗೆ ನಾಲ್ಕು ಮಾತು ಹೇಳಬೇಕು."

ಚಪ್ಪಾಳೆ. ಲೀಲಾಧರ ಮೈಕಿನ ಮುಂದೆ ನಿಂತ. ಮುಂದಿನ ಸಾಲಿನಲ್ಲಿ ಜಲಜಾಕ್ಷಿ ಹೊಸ ಸೀರೆಯುಟ್ಟು ಕೂತಿದ್ದಳು. ಅವಳ ಮುಖ ನೋಡಿ ಅವನಿಗೆ ಹಿಂದೆ ಸರಿಯುವ ಮನಸ್ಸಾಗಲಿಲ್ಲ.

"ಐನ್ಸ್!" ಎಂದ ಗಂಭೀರವಾಗಿ. "ಟ್ಸ್ವೈ... ಡ್ರೈ" ಎಂದು ದನಿ ತಗ್ಗಿಸಿದ, ಏನೋ ದುಃಖದ ವಿಷಯವೆಂಬಂತೆ. "ಫೀಯರ್, ಫ್ಯೂನ್ಫ್!" ಎಂದು ಬೆರಳು ಮೇಲೆತ್ತಿದ. ಆರನೆಯ ಅಂಕಿ "ಝೆಕ್ಸ್" ಬಂದಾಗ ಮುಂದಿನ ಸಾಲಿನ ಹೆಂಗಸರು ಮುಖ ಮುಖ ನೋಡಿಕೊಂಡರು, ವಿಷ್ಣುಮೂರ್ತಿಗಳು ಕೆಮ್ಮಿದರು. "ಝೀಬೆನ್, ಆಖ್ಟ್, ನೊಯ್ನ್!" ದನಿ ಏರುತ್ತಾ ಹೋಯಿತು. "ಟ್ಸೇನ್!" ಎಂದು ಎದೆ ಮುಟ್ಟಿಕೊಂಡ. "ಎಲ್ಫ್" ಎಂದು ಆಕಾಶ ನೋಡಿದ. "ಟ್ಸ್ವೆಲ್ಫ್" ಎಂದು ಕೈಮುಗಿದು ತಲೆಬಾಗಿದ.

ಸಭೆ ಎದ್ದು ನಿಂತಿತು. ವಿಷ್ಣುಮೂರ್ತಿಗಳು ಕಣ್ಣೊರೆಸಿಕೊಂಡು, "ಅರ್ಥ ಆಗದಿದ್ದರೂ ಭಾವ ಮುಟ್ಟಿತು" ಎಂದರು.

ಉಪ್ಪಿಟ್ಟಿನ ಸಾಲಿನಲ್ಲಿ ಲೀಲಾಧರನ ಶಾಲನ್ನು ಯಾರೋ ಹಿಂದಿನಿಂದ ಎಳೆದರು. ಬಾಗಿಯಕ್ಕ. ಕಾರ್ಖಾನೆಯಲ್ಲಿ ಮಾವಿನಕಾಯಿ ಹೆಚ್ಚುವವಳು, ಅರುವತ್ತು ದಾಟಿದವಳು, ಟಿಟ್ವಾಳಾದಿಂದ ಬರುವವಳು.

"ಅಣ್ಣೇರೆ, ಹನ್ನೆರಡಕ್ಕೇ ಯಾಕೆ ನಿಲ್ಲಿಸಿದಿರಿ? ಜನ ಕೇಳ್ತಾ ಇದ್ದರು. ಇಪ್ಪತ್ತರವರೆಗೆ ಹೋಗಬಹುದಿತ್ತು."

ಲೀಲಾಧರನ ಕೈಯ ತಟ್ಟೆ ವಾಲಿ ಉಪ್ಪಿಟ್ಟು ಶಾಲಿನ ಮೇಲೆ ಬಿತ್ತು. "ನಿಮಗೆ... ನಿಮಗೆ ಹೇಗೆ..."

"ನಾನು ಇಲ್ಲಿಗೆ ಬರುವ ಮೊದಲು ಹದಿನೆಂಟು ವರ್ಷ ಪೆಡರ್ ರೋಡಿನಲ್ಲಿ ಜರ್ಮನಿಯವರ ಮನೆಗಳಲ್ಲಿ ಇದ್ದದ್ದಲ್ವಾ? ಒಬ್ಬ ಇಂಜಿನಿಯರ್ ಹೋದ, ಇನ್ನೊಬ್ಬ ಬಂದ. ಒಟ್ಟು ಏಳು ಮಕ್ಕಳನ್ನು ಸಾಕಿದ್ದೇನೆ. ಓದ್ಲಿಕ್ಕೆ ಬರೀಲಿಕ್ಕೆ ಬರುವುದಿಲ್ಲ. ಕೇಳಿದ್ರೆ ಎಲ್ಲ ಗೊತ್ತಾಗ್ತದೆ."

"ಯಾರಿಗೂ ಹೇಳಲೇ ಇಲ್ಲವಲ್ಲ ನೀವು!"

"ಯಾರು ಕೇಳಿದ್ದು?" ಎಂದಳು ಬಾಗಿಯಕ್ಕ. "ಆ ಗಾಜಿನೊಳಗೆ ಎಂಥ ಬರೆದದ್ದು, ಓದಿ ನೋಡುವಾ."

ಇಬ್ಬರೂ ಕೈತೊಳೆಯುವ ಜಾಗದ ಹತ್ತಿರ ಸರಿದರು. ಲೀಲಾಧರ ಮೊದಲ ಸಾಲು ಓದಿದ. ಬಾಗಿಯಕ್ಕ ತನ್ನ ಕೆನ್ನೆ ಮುಟ್ಟಿಕೊಂಡಳು.

"ಮಾವಿನಕಾಯಿಗೆ ಪಿಕೆಲ್ ಹೇಗೆ ಬರ್ತದೆ? ಎರಡನೇ ಮನೆಯ ಮಗಳು, ಹದಿನಾರು ವರ್ಷದ್ದು, ಬೆಳಿಗ್ಗೆ ಕನ್ನಡಿ ಮುಂದೆ ನಿಂತು 'ಪಿಕೆಲ್, ಪಿಕೆಲ್' ಅಂತ ಅಳ್ತಿತ್ತು. ಮೊಡವೆ ಅಣ್ಣೇರೆ, ಮೊಡವೆ!"

ಲೀಲಾಧರ ಬೆರಳನ್ನು ಎರಡನೆಯ ಸಾಲಿಗೆ ಸರಿಸಿದ. "ಹೈಸ್?"

"ಒಲೆ ಮುಟ್ಟಬೇಡ ಅನ್ನುವಾಗ ಹೇಳುವುದು. ಬಿಸಿ. ಖಾರಕ್ಕೆ ಶಾರ್ಫ್ ಅನ್ನಬೇಕು. ನನ್ನ ಸಾರು ಉಂಡು ಸಾಯೇಬರು ದಿನಾ ಅದನ್ನೇ ಹೇಳ್ತಿದ್ದದ್ದು."

"ಓನೆ ಪ್ರೆಸರ್ವಾತೀವೆ?"

ಬಾಗಿಯಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಆಚೆ ಈಚೆ ನೋಡಿದಳು. "ಇದನ್ನು ನಾನು ಗಂಡಸರಿಗೆ ಹೇಳುವುದಿಲ್ಲ. ಜಲಜಕ್ಕನನ್ನು ಕರೆಯಿರಿ."

ಜಲಜಾಕ್ಷಿ ಬಂದಳು. ಇಬ್ಬರೂ ಮೂಲೆಗೆ ಹೋದರು. ಪಿಸುಪಿಸು ನಡೆಯಿತು. ಜಲಜಾಕ್ಷಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು, ಆಮೇಲೆ ಅವಳು ಗಂಡನ ಕಡೆ ಬಂದಳು.

"ಆಸ್ಪತ್ರೆ ಗೋಡೆ ಮೇಲೆ ಕೆಂಪು ತ್ರಿಕೋನ ಇರ್ತದಲ್ಲ..."

"ಹೌದು?"

"ಅವರು ಪುಕ್ಕಟೆ ಹಂಚುವುದು..."

"ಪೋಲಿಯೋ ಲಸಿಕೆಯಾ?"

"ಅಲ್ಲಾ! ಎರಡೇ ಮಕ್ಕಳು ಸಾಕು ಅನ್ನುವವರು ಹಂಚುವುದು!" ಜಲಜಾಕ್ಷಿ ಹಲ್ಲು ಕಚ್ಚಿ ಹೇಳಿದಳು. "ಅದು ಸಾಯೇಬರ ಪ್ಯಾಂಟಿನ ಕಿಸೆಯಲ್ಲಿ ಸಿಕ್ಕಿ ಆ ಮನೆಯಲ್ಲಿ ಮೂರು ದಿನ ಗಂಡ ಹೆಂಡತಿ ಜಗಳ ಆಗಿತ್ತಂತೆ. ಮೂರು ದಿನವೂ ಇದೊಂದೇ ಶಬ್ದವಂತೆ. ಅದು ಇಲ್ಲದೆ ಅಂತ ಬರೆದಿದ್ದೀರಿ ನೀವು. ಉಪ್ಪಿನಕಾಯಿ ಮೇಲೆ!"

ಲೀಲಾಧರ ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶಾಲು ಸಮೇತ ಕುಸಿದ. ಕೊನೆಯ ಸಾಲನ್ನು ಕೇಳುವ ಧೈರ್ಯವಿರಲಿಲ್ಲ. ಬಾಗಿಯಕ್ಕ ಕೇಳದೆಯೇ ಹೇಳಿದಳು. "ಗಿಫ್ಟ್ ಅಂದರೆ ವಿಷ. ಇಲಿಗೆ ಇಡುವುದು. ಉಡುಗೊರೆಗೆ ಗೆಶೆಂಕ್ ಅಂತ. ನಾತಾಳಕ್ಕೆ, ಅವರ ಕ್ರಿಸ್ಮಸ್ಸಿಗೆ, ನನಗೂ ಕೊಡ್ತಿದ್ದರು."

ಎಂದರೆ, ಹ್ಯಾಂಬರ್ಗಿನ ಟೀಡೆಮನ್ ಸಾಹೇಬರಿಗೆ ಪ್ರೇಮನಾಥ ಸೇಠರು ಸ್ನೇಹಪೂರ್ವಕವಾಗಿ ಕಳುಹಿಸಿದ್ದು ಸುಡುವ ಮಾವಿನ ಮೊಡವೆ, ಹೇಳಬಾರದ್ದು ಇಲ್ಲದೆ, ಇಡೀ ಸಂಸಾರಕ್ಕೆ ಒಂದು ವಿಷದ ಪೊಟ್ಟಣ.

"ಪಂಡಿತರೇ, ಫೋಟೋ!" ಎಂದು ವಿಷ್ಣುಮೂರ್ತಿಗಳು ಓಡಿಬಂದರು. ಆ ಫೋಟೋ ಇಂದಿಗೂ ಬಳಗದ ಗೋಡೆಯ ಮೇಲಿದೆ. ಅದರಲ್ಲಿ ಲೀಲಾಧರನ ಮುಖ ನೋಡಿದವರು, ವಿದ್ವಾಂಸರಿಗೆ ಹೀಗೆಯೇ ಚಿಂತೆ ಇರುತ್ತದೆ ಎನ್ನುತ್ತಾರೆ.

ಸೋಮವಾರ ಬೆಳಿಗ್ಗೆ ಅವನು ಸೇಠರ ಎದುರು ನಿಂತ.

"ಸೇಠ್‌ಜಿ, ಆ ಲೇಬಲ್‌ನಲ್ಲಿ ವಿಷ ಉಂಟು."

"ಇರ್ತದೆ ಮಾರಾಯಾ. ಒಬ್ಬ ಮೇಲೆ ಬಂದರೆ ವಿಷ ಕಾರುವವರು ಇದ್ದೇ ಇರ್ತಾರೆ. ಯಾರು ಹೇಳಿದ್ದು? ಪ್ಯಾಕಿಂಗಿನ ಮಾನಪ್ಪನಾ?"

"ಅಲ್ಲ. ನನಗೆ ಜರ್ಮನ್ ಬರುವುದಿಲ್ಲ."

ಸೇಠರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಇದೇ, ಇದೇ ನನಗೆ ನಿನ್ನಲ್ಲಿ ಹಿಡಿಸುವುದು. ತುಂಬಿದ ಕೊಡ." ಅಷ್ಟರಲ್ಲಿ ಫೋನು ಬಂತು. ಬುಧವಾರದ ಹೂಮಾಲೆಯ ವಿಷಯ.

ಮೂರನೆಯ ಸಲ ಹೇಳುವ ಶಕ್ತಿ ಲೀಲಾಧರನಲ್ಲಿರಲಿಲ್ಲ. ಊರಿಗೆ ಹೋಗಿಬಿಡೋಣವೆಂದು ಮನೆಯಲ್ಲಿ ಚೀಲ ತುಂಬಿಸತೊಡಗಿದ. ಜಲಜಾಕ್ಷಿ ಚೀಲವನ್ನು ಮಗುಚಿ ಹಾಕಿದಳು. "ನಾನು ಇಡೀ ಬಿಲ್ಡಿಂಗಿಗೆ ಹೇಳಿಕೊಂಡು ಬಂದದ್ದು. ನೀವು ಓಡಿದರೆ ನಾನು ಯಾವ ಮುಖದಲ್ಲಿ ನೀರು ಹಿಡಿಯಲು ನಲ್ಲಿಗೆ ಹೋಗಲಿ? ತಪ್ಪು ಬರೆದ ಕೈಯಿಂದಲೇ ಸರಿ ಬರೆಯಿರಿ. ಆ ಬಾಗಿಯಕ್ಕನ ಕಾಲು ಹಿಡಿಯಿರಿ."

ಮಂಗಳವಾರ ಊಟದ ಹೊತ್ತಿಗೆ ಅವನು ಮಾವಿನಕಾಯಿ ರಾಶಿಯ ಪಕ್ಕ ಕೂತ. ಬಾಗಿಯಕ್ಕ ಹೆಚ್ಚುತ್ತಾ ಹೇಳಿದಳು, ಲೀಲಾಧರ ಕನ್ನಡಕ ಹಾಕಿಕೊಂಡು ನಿಘಂಟಿನಲ್ಲಿ ಶಬ್ದ ಹುಡುಕಿ, ಈ ಸಲ ಅರ್ಥವನ್ನೂ ಓದಿ, ಬರೆದುಕೊಂಡ. ಹುಳಿಯಲ್ಲಿ ನೆನೆಹಾಕಿದ ಮಾವಿನಕಾಯಿ. ಖಾರ. ರಾಸಾಯನಿಕಕ್ಕೆ ಏನೆನ್ನಬೇಕೆಂದು ಬಾಗಿಯಕ್ಕನಿಗೂ ಸಂದೇಹವಿತ್ತು. "ಪೆಡರ್ ರೋಡಿನ ಅಮ್ಮ ಮನೆಯಲ್ಲಿ ಹಣ್ಣಿನ ಜಾಮ್ ಮಾಡಿ 'ಓನೆ ಶೆಮೀ' ಅಂತ ಹೆಮ್ಮೆಯಿಂದ ಹೇಳ್ತಿದ್ದರು. ಅದನ್ನೇ ಹಾಕಿ" ಎಂದಳು. ಕೊನೆಗೆ, ಸಂಸಾರಕ್ಕೆ ಉಡುಗೊರೆ.

ಬುಧವಾರ ಮಧ್ಯಾಹ್ನ ಮೂರಕ್ಕೆ ಟೀಡೆಮನ್ ಸಾಹೇಬರು ಕಾರಿನಿಂದ ಇಳಿದರು. ಆರಡಿ ಎರಡಂಗುಲ, ಅರುವತ್ತರ ಆಸುಪಾಸು, ಡೊಂಬಿವಲಿಯ ಬಿಸಿಲಿಗೆ ಟೊಮೆಟೊ ಬಣ್ಣಕ್ಕೆ ತಿರುಗಿದ್ದರು. ಮಾಲೆ ಹಾಕಿಸಿಕೊಂಡು ಒಳಗೆ ಬಂದು ಚೀಲದಿಂದ ಒಂದು ಖಾಲಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟು, ಇಂಗ್ಲಿಷಿನಲ್ಲಿ ಕೇಳಿದರು. "ಇದನ್ನು ಬರೆದವರು ಯಾರು?"

"ನಮ್ಮ ಜರ್ಮನ್ ಎಕ್ಸ್‌ಪರ್ಟ್!" ಸೇಠರು ಲೀಲಾಧರನನ್ನು ಬೆನ್ನಿಗೆ ಕೈಹಚ್ಚಿ ಮುಂದೆ ದೂಡಿದರು.

ಸಾಹೇಬರು ಅವನೊಡನೆ ಜರ್ಮನ್‌ನಲ್ಲಿ ಮಾತಿಗೆ ತೊಡಗಿದರು. ವಿರಾರ್ ಫಾಸ್ಟ್ ಲೋಕಲ್ ಸಣ್ಣ ಸ್ಟೇಷನ್ ದಾಟಿದ ಹಾಗೆ ಶಬ್ದಗಳು ಲೀಲಾಧರನ ಕಿವಿಯ ಮುಂದೆ ಹಾದುಹೋದವು. ಒಂದೂ ನಿಲ್ಲಲಿಲ್ಲ. ಮಾತು ನಿಂತಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಗುಟೆನ್ ಮೊರ್ಗೆನ್" ಎಂದ ಲೀಲಾಧರ. ಮಧ್ಯಾಹ್ನ ಮೂರು ಗಂಟೆಗೆ.

ಆಮೇಲೆ ಕೈಜೋಡಿಸಿ, ತನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ, ತಾನು ಕಲಿತದ್ದು ಒಂಬತ್ತೇ ದಿನ, ತಪ್ಪು ತನ್ನದು, ಸೇಠರದಲ್ಲ, ಕಾರ್ಖಾನೆಯದಲ್ಲ, ಉಪ್ಪಿನಕಾಯಿಯದಂತೂ ಅಲ್ಲವೇ ಅಲ್ಲ ಎಂದ. ಸರಿಯಾದ ಲೇಬಲ್ ಇದು ಎಂದು ಕಿಸೆಯಿಂದ ಚೀಟಿ ತೆಗೆದುಕೊಟ್ಟ. "ಇದು ನನ್ನದಲ್ಲ ಸರ್. ಹೇಳಿಕೊಟ್ಟದ್ದು ಅಲ್ಲಿ ಮಾವಿನಕಾಯಿ ಹೆಚ್ಚುವ ಬಾಗಿಯಕ್ಕ."

ಸಾಹೇಬರು ಚೀಟಿಯನ್ನು ಎರಡು ಸಲ ಓದಿದರು. ನಂತರ ತಾವೇ ಎದ್ದು ಹೆಚ್ಚುವ ಕೋಣೆಗೆ ನಡೆದರು. ಹಿಂದೆ ಸೇಠರು, ಅವರ ಹಿಂದೆ ಲೀಲಾಧರ.

ಬಾಗಿಯಕ್ಕ ಹೊಸ ಭರಣಿಯಿಂದ ಹೋಳುಗಳನ್ನು ಅಗಲದ ಪರಾತಕ್ಕೆ ಸುರಿಯುತ್ತಿದ್ದಳು. ಸಾಹೇಬರು ಒಂದು ಹೋಳನ್ನು ಎತ್ತಲು ಕೈ ಹಾಕಿದರು.

"ಹೆಂಡೆ ವಾಶೆನ್!" ಬಾಗಿಯಕ್ಕ ಗದರಿದಳು.

ಟೀಡೆಮನ್ ಸಾಹೇಬರು ಬೆಚ್ಚಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದರು. ಏಳು ಮಕ್ಕಳನ್ನು ಸಾಕಿದ ಬಾಗಿಯಕ್ಕನ ಜರ್ಮನ್‌ನಲ್ಲಿ ಇದ್ದದ್ದೆಲ್ಲ ಮಕ್ಕಳಿಗೆ ಹೇಳುವ ಮಾತುಗಳೇ. ದೊಡ್ಡವರ ಜೊತೆ ಮಾತನಾಡುವ ಜರ್ಮನ್ ಅವಳಿಗೆ ಯಾರೂ ಕಲಿಸಿರಲಿಲ್ಲ. ಸಾಹೇಬರು ಮೂಲೆಯ ನಲ್ಲಿಗೆ ಹೋಗಿ, ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬಂದರು.

ಬಾಗಿಯಕ್ಕ ಒಂದು ಹೋಳು ಎತ್ತಿ, "ಮುಂಟ್ ಔಫ್!" ಎಂದಳು.

"ಅಯ್ಯೋ, ಗಿರಾಕಿಗೆ ಮುಂಡ ಅಂತ ಬೈತಿದ್ದಾಳಲ್ಲ!" ಸೇಠರು ಎದೆ ಹಿಡಿದುಕೊಂಡರು. ಆದರೆ ಸಾಹೇಬರು ಬಗ್ಗಿ, ದೊಡ್ಡದಾಗಿ ಬಾಯಿ ತೆರೆದು ನಿಂತಿದ್ದರು. ಹೋಳು ಒಳಗೆ ಹೋಯಿತು. ಕಣ್ಣಲ್ಲಿ ನೀರು ತುಂಬಿತು. "ಶಾರ್ಫ್" ಎಂದರು ಉಸಿರೆಳೆದು.

"ಕೇಳಿದಿರಾ? ಶಾರ್ಫ್" ಎಂದಳು ಬಾಗಿಯಕ್ಕ, ಲೀಲಾಧರನ ಕಡೆ ತಿರುಗಿ.

ಸಾಹೇಬರು ನಗತೊಡಗಿದರು. ನಕ್ಕು ನಕ್ಕು ಮಾವಿನಕಾಯಿಯ ಬುಟ್ಟಿಗೆ ಒರಗಿದರು. ಆಮೇಲೆ ನಡೆದದ್ದನ್ನು ಹೇಳಿದರು. ಬಾಟಲಿಗಳು ಬಂದಾಗ ಮೊದಲು ಅವರಿಗೆ ಸಿಟ್ಟು ಬಂದಿತ್ತಂತೆ. ಆದರೆ ಲೇಬಲ್ ನೋಡಲು ಆಫೀಸಿನವರೆಲ್ಲ ಬಂದರು, ಅಕ್ಕಪಕ್ಕದ ಅಂಗಡಿಯವರು ಬಂದರು. ಇಂಥ ವಿಷ ಹೇಗಿರುತ್ತದೋ ಎಂದು ಒಬ್ಬ ನಾಲಿಗೆಗೆ ಹಚ್ಚಿ ನೋಡಿದ. ಅವನು ಸಾಯದ್ದನ್ನು ನೋಡಿ ಇನ್ನೊಬ್ಬ. ನಾಲ್ಕು ದಿನದಲ್ಲಿ ಇಪ್ಪತ್ತನಾಲ್ಕು ಬಾಟಲಿಯೂ ಖಾಲಿ. ಉಪ್ಪಿನಕಾಯಿ ಬೇಕೇ ಬೇಕು. ಲೇಬಲ್ ಮಾತ್ರ ಈ ಚೀಟಿಯಲ್ಲಿದ್ದಂತೆಯೇ ಇರಲಿ ಎಂದರು.

ಹಳೆಯ ಲೇಬಲ್ಲಿನ ಅರ್ಥ ಸೇಠರಿಗೆ ಇನ್ನೂ ಗೊತ್ತಿರಲಿಲ್ಲ. ಲೀಲಾಧರ ಅವರ ಕಿವಿಯಲ್ಲಿ ಒಂದೊಂದೇ ಸಾಲು ಹೇಳಿದ. ಮೂರನೆಯ ಸಾಲಿಗೆ ಸೇಠರು ಭರಣಿಯ ಮುಚ್ಚಳದ ಮೇಲೆ ಕುಳಿತರು.

"ಅದಕ್ಕೆ ಫ್ರೇಮ್ ಹಾಕಿಸಿ ನಾನು ಮನೆಯಲ್ಲಿ ದೇವರ ಕೋಣೆಯ ಬಾಗಿಲಿಗೆ ತೂಗುಹಾಕಿದ್ದೇನಲ್ಲ ಮಾರಾಯಾ! ನಿನ್ನೆ ಬೀಗರು ಬಂದು ಕೈಮುಗಿದು ಹೋದರು!"

ಬೈಯಲು ಬಾಯಿ ತೆರೆದರು. ಆದರೆ ಎದುರಿಗೆ ಸಾಹೇಬರು ಲೀಲಾಧರನ ಕೈ ಕುಲುಕುತ್ತಿದ್ದರು. ಗಿರಾಕಿಯ ಮುಂದೆ ಬೈಯುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ. ಸೇಠರು ತೆರೆದ ಬಾಯಿಗೆ ಒಂದು ಹೋಳು ಹಾಕಿಕೊಂಡು ಸುಮ್ಮನಾದರು.

ಸಂಜೆ ಐದಕ್ಕೆ ಸಾಹೇಬರು ಹೊರಟರು. ಕರಾರು ಪತ್ರಕ್ಕೆ ಸಹಿ ಮಾತ್ರ ಬಾಕಿ. ಕಾರಿನಲ್ಲಿ ಓದಿ ವಿಮಾನ ನಿಲ್ದಾಣದಿಂದ ಡ್ರೈವರನ ಕೈಯಲ್ಲಿ ಕಳುಹಿಸುತ್ತೇನೆ ಎಂದಿದ್ದರು. ಬೀಳ್ಕೊಡಲು ಎಲ್ಲರೂ ಗೇಟಿನಲ್ಲಿ ಸೇರಿದ್ದರು. ಸಾಹೇಬರು ಕಾರಿನ ಬಾಗಿಲಿಗೆ ಕೈಯಿಟ್ಟಾಗ, ಬಾಗಿಯಕ್ಕ ಹಿಂದಿನಿಂದ ಬೆರಳೆತ್ತಿ ಏನೋ ಒಂದು ಉದ್ದದ ವಾಕ್ಯ ಹೇಳಿದಳು.

ಸಾಹೇಬರು ನಿಂತರು. ಕೆಂಪಗಿದ್ದ ಮುಖ ಇನ್ನೂ ಕೆಂಪಾಯಿತು. ಬಾಗಿಲು ಬಿಟ್ಟರು. ಪತ್ರವನ್ನು ಕಂಕುಳಲ್ಲಿಟ್ಟುಕೊಂಡು, ಸರಸರನೆ ಕಾರ್ಖಾನೆಯ ಒಳಕ್ಕೆ ನಡೆದುಬಿಟ್ಟರು.

"ಹೋಯಿತು!" ಎಂದರು ಸೇಠರು. "ಕರಾರು ಹೋಯಿತು! ಇವಳು ಏನೋ ಅಂದಳು. ಲೀಲಾಧರ, ಎಂಥ ಹೇಳಿದಳು ಇವಳು?"

ಎಲ್ಲರೂ ಲೀಲಾಧರನತ್ತ ತಿರುಗಿದರು. ಅವನು ಆರಾಮಾಗಿ ಕೈಕಟ್ಟಿ ನಿಂತಿದ್ದ.

"ಗೊತ್ತಿಲ್ಲ ಸೇಠ್‌ಜಿ. ನನಗೆ ಜರ್ಮನ್ ಬರುವುದಿಲ್ಲ."

ಹೇಳಿದ ಮೇಲೆ ಅವನಿಗೆ ಎಷ್ಟು ಹಗುರವಾಯಿತೆಂದರೆ, ಇನ್ನೊಮ್ಮೆ ಹೇಳೋಣವೆನ್ನಿಸಿತು.

"ಬಾಗೀ, ನೀನಾದರೂ ಹೇಳೇ!" ಸೇಠರು ಕೈಮುಗಿದೇಬಿಟ್ಟರು.

"ಎಂಥ ಇಲ್ಲ ಧಣಿ" ಎಂದಳು ಬಾಗಿಯಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಏರ್‌ಪೋರ್ಟಿಗೆ ಎರಡು ಗಂಟೆ ಉಂಟು. ಶಿಳ್‌ಫಾಟಾದಲ್ಲಿ ಟ್ರಾಫಿಕ್ ಬೇರೆ. ಹೊರಡುವ ಮೊದಲು ಒಂದಕ್ಕೆ ಹೋಗಿ ಬಾ ಮಗಾ ಅಂದೆ. ನಾವು ಹೇಳದಿದ್ದರೆ ಅವಕ್ಕೆ ನೆನಪಿರುವುದಿಲ್ಲ."

ಐದು ನಿಮಿಷಕ್ಕೆ ಟೀಡೆಮನ್ ಸಾಹೇಬರು ಹಗುರಾಗಿ ನಡೆದು ಬಂದರು. ಬಾನೆಟ್ಟಿನ ಮೇಲೆ ಪತ್ರ ಹರಡಿ ಅಲ್ಲೇ ಸಹಿ ಹಾಕಿ ಸೇಠರ ಕೈಗೆ ಕೊಟ್ಟರು. ಆಮೇಲೆ, ಕಾರು ಹತ್ತುವ ಮೊದಲು, ಎರಡೂ ಅಂಗೈಗಳನ್ನು ಬಾಗಿಯಕ್ಕನ ಮುಂದೆ ಚಾಚಿ ತೋರಿಸಿದರು. ತೊಳೆದಿದ್ದವು.